ಬಲಗಾಲಿನ ಬಿಸಿ, ಬೈಕಿನ ಹಿಂದಿನ ಶಾಕ್: ನಾನು ಸರಿಮಾಡಿದ ಬಗೆ
ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಸಾಕು, ನನ್ನ 200 ಸಿಸಿ ಸ್ಪೋರ್ಟ್ ಬೈಕು ಬಲಗಾಲನ್ನು ಬೇಯಿಸಿಬಿಡುತ್ತಿತ್ತು. ಕೂಲೆಂಟ್ ಸರಿಯಿತ್ತು, ಫ್ಯಾನೂ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬೆಂಡ್ ಪೈಪ್ (ಹೊಗೆ ಹೊರಬರುವ ಬಾಗಿದ ಕೊಳವೆ) ಎಂಜಿನ್ನಿಗೆ ಸೇರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಸುತ್ತಲೂ ಕಪ್ಪು ಮಸಿ! ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿ ಬಿಸಿ ಹೊಗೆ ಅಲ್ಲಿಂದಲೇ ಸೋರುತ್ತಿತ್ತು. ಹೊಸದು ಹಾಕಿ, ಎರಡೂ ನಟ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಪೈಪ್ ಓರೆಯಾಗಿ ಕೂತು ಮತ್ತೆ ಸೋರುತ್ತದೆ. ಬಿಸಿ ತಡೆಯುವ ತಗಡಿನ ವಾಷರ್‌ಗಳೂ ಉದುರಿ, ತಗಡು ಪೈಪಿಗೇ ತಾಗಿತ್ತು. ವಾಷರ್ ಹಾಕಿ ಗಾಳಿಯಾಡುವಷ್ಟು ಸಂದು ಬಿಟ್ಟೆ. ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತು ಅಂದರು ಗೆಳೆಯರು; ಮಳೆಗಾಲದಲ್ಲಿ ಅದು ನೀರು ಹೀರಿ ಪೈಪಿಗೆ ತುಕ್ಕು ಹಿಡಿಸುತ್ತದೆ, ನಾನು ಒಪ್ಪಲಿಲ್ಲ.

ಹಿಂದಿನ ಶಾಕ್, ಅಂದರೆ ರಸ್ತೆಯ ಕುಲುಕಾಟ ತಡೆಯುವ ಸ್ಪ್ರಿಂಗಿನ ಭಾಗ, ಅದರ ಕೆಲಸ ಬೇಗ ಮುಗಿಯಿತು. ಹಿಂದಿನ ಚಕ್ರದ ಮೇಲೆ-ಕೆಳಗಿನ ಓಡಾಟ 130 ಮಿ.ಮೀ.; ನಾನು ಕೂತರೆ 50 ಮಿ.ಮೀ. ಕುಸಿಯುತ್ತಿತ್ತು. ಕುಸಿತ ಓಡಾಟದ ಶೇ. 30ರಷ್ಟು, ಅಂದರೆ ಸುಮಾರು 40 ಸಾಕು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಎರಡು ಮೆಟ್ಟಿಲು ಏರಿಸಿ ಮತ್ತೆ ಅಳೆದೆ, ಸರಿಬಂತು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ಈಗ ಹೊರಕ್ಕೆ ಜಾರಿಕೊಂಡು ಹೋಗುವುದಿಲ್ಲ, ಹೇಳಿದ ಗೆರೆಯಲ್ಲೇ ತಿರುಗುತ್ತದೆ.