ಸೋರುವ ಮಾಳಿಗೆಯಿಂದ ಶುರುವಾದದ್ದು

ನಾವು ಐದು ಮಂದಿ ವಾಸ್ತುಶಿಲ್ಪಿಗಳು ಸೇರಿ ಮೈಸೂರಿನಲ್ಲಿ ಲಾಭದ ಉದ್ದೇಶವಿಲ್ಲದ ಪುಟ್ಟ ಕೇಂದ್ರವೊಂದನ್ನು ತೆರೆದಾಗ ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದನ್ನೇ: ನಗರದ ಪರಂಪರೆಯ ಬಗ್ಗೆ ಚಿತ್ರಪ್ರದರ್ಶನ. ಗೋಡೆಯ ತುಂಬ ದೊಡ್ಡ ಫೋಟೊಗಳು, ಅವುಗಳ ಕೆಳಗೆ ಇಂಗ್ಲಿಷಿನಲ್ಲಿ ವಿವರ, ಬಂದವರಿಗೆ ಕಾಫಿ. ಮೂರು ದಿನಕ್ಕೆ ನಲವತ್ತು ಜನ ಬಂದರು. ಮುಕ್ಕಾಲು ಪಾಲು ನಮ್ಮ ಸಹಪಾಠಿಗಳು. ಉಳಿದವರಲ್ಲಿ ಇಬ್ಬರು ಕಾಫಿಗೆಂದೇ ಬಂದವರೆಂದು ನನಗೆ ಈಗಲೂ ಗುಮಾನಿ.

ಕೊನೆಯ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಪಕ್ಕದ ಬೀದಿಯ ಅಜ್ಜಿಯೊಬ್ಬರು ಒಳಗೆ ಬಂದರು. ಫೋಟೊಗಳ ಕಡೆ ತಿರುಗಿಯೂ ನೋಡಲಿಲ್ಲ.

"ನೀವೆಲ್ಲ ಎಂಜಿನಿಯರುಗಳೇನಪ್ಪಾ?"

"ಅಲ್ಲಮ್ಮ, ಆರ್ಕಿಟೆಕ್ಟುಗಳು."

"ಏನೋ ಒಂದು. ನಮ್ಮ ಮನೆ ಸೋರುತ್ತದೆ, ಬಂದು ನೋಡುತ್ತೀಯಾ?"

ಅವರದು ತೊಟ್ಟಿ ಮನೆ. ನಾಲ್ಕು ಕಡೆಯ ಹೆಂಚಿನ ಇಳಿಜಾರು ಕೂಡುವ ಮೂಲೆಗಳಲ್ಲಿ ಮಳೆನೀರು ಹರಿಯಲು ಹಾಕಿದ್ದ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿತ್ತು. ಯಾರೋ ಅದರ ಮೇಲೆ ಸಿಮೆಂಟು ಮೆತ್ತಿ ಕೈ ತೊಳೆದುಕೊಂಡಿದ್ದರು. ಎಲ್ಲಿ ಎಷ್ಟು ಸೋರುತ್ತದೆ ಎಂಬುದು ಅಜ್ಜಿಗೆ ಬಾಯಿಪಾಠ. "ಇದು ಕೊಳದಪ್ಪಲೆಯ ಜಾಗ, ಅದು ಬಕೆಟ್ಟಿನದು, ಆ ಮೂಲೆಗೆ ಒಂದು ಚೊಂಬು ಸಾಕು" ಎಂದು ನೆಲ ತೋರಿಸುತ್ತ ಹೋದರು. ಆ ಮನೆಯ ಮಳೆಯ ನಕ್ಷೆಯನ್ನು ಅವರಿಗಿಂತ ಚೆನ್ನಾಗಿ ನಾನು ಬರೆಯಲಾರೆ.

ಮರುವಾರ ಪ್ರದರ್ಶನವನ್ನು ಕಟ್ಟಿಟ್ಟು ಬಾಗಿಲಿಗೆ ಕನ್ನಡದಲ್ಲೊಂದು ಫಲಕ ತೂಗುಹಾಕಿದೆವು: "ಸೋರುವ ಮಾಳಿಗೆ, ಬಿರುಕು ಬಿಟ್ಟ ಗೋಡೆ. ಶನಿವಾರ ಉಚಿತ ಸಲಹೆ." ಪರಂಪರೆ ಎಂದಾಗ ಬಾರದ ಜನ ಇದಕ್ಕೆ ಬಂದರು. ಮೊದಮೊದಲು ಅನುಮಾನವಿತ್ತು, ಇವರು ಯಾರೋ ಬಿಲ್ಡರಿನ ಕಡೆಯವರು, ಮನೆಗೆ ಹೊಂಚು ಹಾಕಲು ಬಂದಿದ್ದಾರೆ ಎಂದು ಬೀದಿಯಲ್ಲಿ ಮಾತಾಗಿತ್ತು. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿಕೊಂಡೆವು: ಸಲಹೆ ಕೊಟ್ಟ ಮನೆಯ ಕೆಲಸವನ್ನು ನಾವು ಹಿಡಿಯುವುದಿಲ್ಲ, ಮೇಸ್ತ್ರಿಗಳಿಂದ ಕಮಿಷನ್ ಮುಟ್ಟುವುದಿಲ್ಲ. ಇದರಿಂದ ನಮ್ಮ ಖರ್ಚಿಗೆ ಹೊಡೆತ ಬಿತ್ತು, ಇಂದಿಗೂ ಬೀಳುತ್ತಿದೆ. ಬಾಡಿಗೆ ನಡೆಯುವುದು ಸದಸ್ಯರ ಚಂದಾದಿಂದ ಮತ್ತು ನಾವು ಬೇರೆ ಕಡೆ ದುಡಿದು ತಂದು ಹಾಕುವ ಹಣದಿಂದ.

ಬಂದವರಲ್ಲಿ ಹೆಚ್ಚಿನವರ ಕಾಯಿಲೆ ಒಂದೇ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿಸಿರುತ್ತಾರೆ. ಗೋಡೆ ಕುಡಿದ ನೀರು ಹೊರಬರಲಾರದೆ ಒಳಗೇ ಉಳಿದು, ಉಪ್ಪು ಬಿಟ್ಟು, ಇಟ್ಟಿಗೆ ಪುಡಿಯಾಗುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ, "ಸಿಮೆಂಟು ಗಟ್ಟಿ ಅಲ್ಲವಾ ಸಾರ್" ಎನ್ನುತ್ತಿದ್ದರು. ಕೊನೆಗೆ ಎರಡು ಹಳೆಯ ಇಟ್ಟಿಗೆ ತಂದು, ಒಂದರ ಮುಖಕ್ಕೆ ಸಿಮೆಂಟು, ಇನ್ನೊಂದಕ್ಕೆ ಗಾರೆ ಮೆತ್ತಿ, ನೀರು ತುಂಬಿದ ತಟ್ಟೆಯಲ್ಲಿ ಜಗಲಿಯ ಮೇಲೆ ನಿಲ್ಲಿಸಿದೆವು. ಶಾಲೆಗೆ ಹೋಗುವ ಮಕ್ಕಳು ದಿನವೂ ನಿಂತು ನೋಡಿಕೊಂಡು ಹೋಗುತ್ತಿದ್ದರು. ಕೆಲವು ವಾರಗಳಲ್ಲಿ ಸಿಮೆಂಟಿನ ಅಂಚಿಗೆ ಬೂಷ್ಟಿನಂತೆ ಬಿಳಿ ಉಪ್ಪು ಮೂಡಿತು. ಒಬ್ಬ ಹುಡುಗ ಅದನ್ನು ಬೆರಳಲ್ಲಿ ಕೆರೆದು ನೆಕ್ಕಿ, "ಉಪ್ಪೇ!" ಎಂದು ಕೂಗಿದ. ಹತ್ತು ಭಾಷಣಗಳಲ್ಲಿ ಆಗದ ಕೆಲಸ ಆಯಿತು.

ಹಳೆಯ ಬೀದಿಗಳನ್ನು ಸುತ್ತಿ ನೋಡುವ ನಡಿಗೆಗಳು ಶುರುವಾದದ್ದು ಆಮೇಲೆ. ಅದೂ ಮನೆಯವರೇ ಕೇಳಿದ ಮೇಲೆ. ನಮ್ಮ ಹಳೆಯ ಬಡಾವಣೆಗಳ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ, ಅಂದರೆ ಮಲ, ಕಸ ಸಾಗಿಸಲೆಂದು ಬಿಟ್ಟ ಓಣಿಗಳು. ಪ್ಲೇಗಿನ ಹಾವಳಿ ಕಂಡ ಊರು ಇದು. 1903ರಲ್ಲಿ ಇಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ರಚನೆಯಾಗಿತ್ತು. ಇಷ್ಟನ್ನು ನಾನು ಹೇಳಬಲ್ಲೆ. ಆದರೆ ಆ ಗಲ್ಲಿಯಲ್ಲಿ ಮಲ ಹೊರಲು ಬರುತ್ತಿದ್ದವರನ್ನು ಮುಂಬಾಗಿಲಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬುದನ್ನು ತಗ್ಗಿದ ದನಿಯಲ್ಲಿ ಹೇಳಿದವರು ಆ ಬೀದಿಯಲ್ಲೇ ಬೆಳೆದ ಹಿರಿಯರು. ಅಂದಿನಿಂದ ನಡಿಗೆಯಲ್ಲಿ ನಮ್ಮ ಮಾತು ಹತ್ತು ನಿಮಿಷ, ಉಳಿದದ್ದು ಬೀದಿಯವರದು.

ಎಲ್ಲ ಸಭೆಗಳೂ ಸುಸೂತ್ರವಾಗಲಿಲ್ಲ. 2016ರಲ್ಲಿ ನಮ್ಮೂರಿನ ಹಳೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಕೆಡವಬೇಕೇ, ಉಳಿಸಬೇಕೇ ಎಂಬ ವಾದ ನ್ಯಾಯಾಲಯದವರೆಗೂ ಹೋಗಿದೆ. ಉಳಿಸಬೇಕು ಎಂಬುದು ನನ್ನ ಪಕ್ಷ. ಅದನ್ನು ಒಂದು ಸಭೆಯಲ್ಲಿ ಹೇಳಿದಾಗ ಹೂವಿನ ವ್ಯಾಪಾರಿಯೊಬ್ಬರು ಎದ್ದು, "ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದಾಗ ನಾಲ್ಕು ಜನ ಸತ್ತರು. ಸ್ವಾಮಿ, ಇದರ ಕೆಳಗೆ ದಿನವೂ ಕೂರುವುದು ನೀವಲ್ಲ" ಎಂದರು. ಊರಿನ ಇನ್ನೊಂದು ಹಳೆಯ ಕಟ್ಟಡದ 2012ರ ಆ ಕುಸಿತ ನನಗೂ ನೆನಪಿತ್ತು. ಉತ್ತರ ಇರಲಿಲ್ಲ. ಈಗ ಯಾವ ಕಟ್ಟಡದ ಬಗ್ಗೆ ಮಾತೆತ್ತಿದರೂ ಮೊದಲು ಅದರ ತೊಲೆಯ ಸ್ಥಿತಿ ಹೇಳುತ್ತೇನೆ, ಅಂದಚೆಂದದ ಮಾತು ಆಮೇಲೆ.

ಅಜ್ಜಿಯ ಮನೆ ಉಳಿಯಲಿಲ್ಲ. ದೋಣಿ ಬದಲಾಯಿಸಿ ಎರಡು ಮಳೆಗಾಲ ಸೋರದೆ ನಿಂತಿತ್ತು. ಆಮೇಲೆ ಮಕ್ಕಳು ಪಾಲು ಮಾಡಿಕೊಂಡು ಮಾರಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕೆಡವುವ ಮುಂಚೆ ಟೇಪು ಹಿಡಿದು ನಾಲ್ಕು ದಿನ ಅಳತೆ ಮಾಡಿ, ಮನೆಯ ಪೂರ್ತಿ ನಕ್ಷೆ ಬರೆದು ಅಜ್ಜಿಯ ಮುಂದೆ ಹಾಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಬಾಗಿಲಿನಿಂದ ತೊಟ್ಟಿಗೆ, ತೊಟ್ಟಿಯಿಂದ ಅಡುಗೆಮನೆಗೆ ನಡೆದು ಹೋದರು. ಅಲ್ಲಿ ನಿಂತರು.

"ಒರಳುಕಲ್ಲು ಎಲ್ಲಪ್ಪಾ?"

ನೆಲದಲ್ಲಿ ಹೂತಿದ್ದ ಕಲ್ಲು, ನಾಲ್ಕು ದಿನವೂ ಅದನ್ನು ದಾಟಿಕೊಂಡೇ ಓಡಾಡಿದ್ದೆವು. ಪೆನ್ನು ತೆಗೆದು ಅವರು ತೋರಿಸಿದ ಜಾಗದಲ್ಲಿ ಒಂದು ವೃತ್ತ ಬರೆದೆ. "ಇನ್ನೂ ಸ್ವಲ್ಪ ಗೋಡೆಯ ಕಡೆಗೆ" ಎಂದರು.