ಕೋಳಿಯ ಕಿರುಮೆದುಳು ಬಿಡಿಸಿ, ಮಡಿಕೆ ಎಣಿಸಿ, ಅಳೆಯುವ ಕ್ರಮ: ನನ್ನ ಅನುಭವ

ಹಕ್ಕಿಗಳ ಕಿರುಮೆದುಳು (ಸೆರೆಬೆಲ್ಲಮ್, ಮೆದುಳಿನ ಹಿಂಭಾಗದಲ್ಲಿ ಮಡಿಕೆಮಡಿಕೆಯಾಗಿರುವ ಭಾಗ) ಕಲಿಯಲು ಬ್ರಾಯ್ಲರ್ ಕೋಳಿಯ ತಲೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಮೈಸೂರಿನ ಯಾವ ಕೋಳಿ ಅಂಗಡಿಯಲ್ಲಾದರೂ ಸಿಗುತ್ತದೆ. ಕಾರಂಜಿ ಕೆರೆಯ ಬಳಿ ಸತ್ತುಬಿದ್ದ ಹಕ್ಕಿ ಕಂಡರೂ ಎತ್ತಿಕೊಂಡು ಬರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಕೊಯ್ದು ಒಂದು ಗಂಟೆಯೊಳಗಿನ ತಲೆ ಬೇಕು. ಐಸ್ ಹಾಕಿದ ಡಬ್ಬಿ ಜೊತೆಗಿರಲಿ. ಏಪ್ರಿಲ್ ಬಿಸಿಲಲ್ಲಿ ಎರಡು ಗಂಟೆ ಹಾಗೇ ಬಿಟ್ಟರೆ ಒಳಗಿನ ಕಣಪದರ (ಪುಟ್ಟ ನರಕೋಶಗಳು ಒತ್ತಾಗಿ ಕೂತ ಪದರ) ಕರಗತೊಡಗುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಬಣ್ಣ ಹಾಕಿದರೂ ಪದರದ ಗೆರೆ ಸ್ಪಷ್ಟವಾಗುವುದಿಲ್ಲ.

ಮೊದಮೊದಲು ಎಲ್ಲರೂ ತಪ್ಪುವುದು ಮೆದುಳನ್ನು ಹಸಿಯಾಗಿಯೇ ಎತ್ತುವುದರಲ್ಲಿ. ಕಿರುಮೆದುಳಿನ ಎರಡೂ ಪಕ್ಕದಲ್ಲಿ ಕಿವಿಯಂತೆ ಚಾಚಿದ ಒಂದು ಪುಟ್ಟ ತುಣುಕು ಇರುತ್ತದೆ, ಅದೇ ಫ್ಲಾಕ್ಯುಲಸ್. ಅದು ತಲೆಬುರುಡೆಯ ಒಂದು ಗುಳಿಯೊಳಗೆ, ಒಳಕಿವಿಯ ಮುಂದಿನ ಅರೆವರ್ತುಲ ನಾಳದ ಬಳೆಯ ನಡುವೆ ತೂರಿಕೊಂಡಿರುತ್ತದೆ. ಹಸಿ ಮೆದುಳು ಬೆಣ್ಣೆಯಷ್ಟು ಮೆತ್ತಗೆ. ಎತ್ತಿದ ಕೂಡಲೇ ಫ್ಲಾಕ್ಯುಲಸ್ ಕಿತ್ತು ಮೂಳೆಯಲ್ಲೇ ಉಳಿಯುತ್ತದೆ, ಕೈಗೆ ಬಂದದ್ದು ಪೂರ್ತಿ ಕಿರುಮೆದುಳು ಅಂದುಕೊಂಡು ನಾವು ಮುಂದೆ ಹೋಗುತ್ತೇವೆ.

ಅದಕ್ಕೇ ನಾನು ತಲೆಯ ಸಮೇತ, ಅಂಗಾಂಶವನ್ನು ಕೆಡದಂತೆ ಗಟ್ಟಿ ಮಾಡುವ ಫಾರ್ಮಲಿನ್‌ಗೆ ಹಾಕುತ್ತೇನೆ. ಚರ್ಮ, ಕೊಕ್ಕು, ಕಣ್ಣು ತೆಗೆದು, ಬುರುಡೆಯ ನೆತ್ತಿಯಲ್ಲಿ ಕಡಲೆಕಾಳಿನಷ್ಟು ಕಿಟಕಿ ತೆರೆದು ಮುಳುಗಿಸುವುದು. ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಮಾನೋಸೋಡಿಯಂ ಫಾಸ್ಫೇಟ್ (ಮಾನೋಹೈಡ್ರೇಟ್) 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಫಾಸ್ಫೇಟ್ 6.5 ಗ್ರಾಂ. ಒಂದು ತಲೆಗೆ ಅರ್ಧ ಲೀಟರ್ ಬೇಕು. ಫಾಸ್ಫೇಟ್ ಬಿಟ್ಟರೆ ದ್ರಾವಣ ಹುಳಿಯಾಗಿ, ಅಂಗಾಂಶದಲ್ಲಿ ಕಂದುಗಪ್ಪು ಚುಕ್ಕಿ ಕೂರುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಟ್ಟುಕೊಂಡೇ ಕೆಲಸ ಮಾಡಿ. ಎರಡು ದಿನಕ್ಕೆ ಮೆದುಳು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಆಗ ಬುರುಡೆಯ ಹಿಂದೆ ಬೆನ್ನುಹುರಿ ಹೊರಬರುವ ದೊಡ್ಡ ರಂಧ್ರದಿಂದ ಶುರುಮಾಡಿ ಮೂಳೆಯನ್ನು ಚೂರುಚೂರಾಗಿ ಚಿಮುಟದಲ್ಲಿ ಬಿಡಿಸಬೇಕು. ಪಕ್ಕದ ಗುಳಿಯ ಹತ್ತಿರ ಬಂದಾಗ ಎಳೆಯಲೇಬಾರದು, ಗುಳಿಯ ಅಂಚನ್ನೇ ಮುರಿಯಬೇಕು. ಒಂದು ಪಕ್ಕಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ.

ಕಿರುಮೆದುಳನ್ನು ಮೆದುಳುಕಾಂಡದ ಸಮೇತ ಇಟ್ಟುಕೊಂಡು, ಹೊಸ ಬ್ಲೇಡಿನಿಂದ ನಟ್ಟನಡುವೆ ಒಂದೇ ಎಳೆತಕ್ಕೆ ಸೀಳಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಮಡಿಕೆಗಳ ತುದಿ ಹರಿಯುತ್ತದೆ. ಸರಿಯಾಗಿ ಸೀಳಿದ್ದರೆ ಹೂಕೋಸನ್ನು ಉದ್ದಕ್ಕೆ ಸೀಳಿದ ಹಾಗೆ, ನಡುವೆ ಬಿಳಿ ಕಾಂಡ, ಅದರಿಂದ ಕೊಂಬೆ, ಕೊಂಬೆಗೆ ರೆಂಬೆ ಕಾಣುತ್ತದೆ. ಬಿಳಿ ಕಾಂಡದೊಳಗೆ ಬೂದು ಬಣ್ಣದ ಗಂಟು ಕಂಡರೆ ನಡುಗೆರೆಯಿಂದ ಪಕ್ಕಕ್ಕೆ ಸರಿದಿದ್ದೀರಿ ಎಂದರ್ಥ. ಅದು ಕಿರುಮೆದುಳಿನ ನ್ಯೂಕ್ಲಿಯಸ್, ಅಂದರೆ ನರಕೋಶಗಳ ಗುಂಪು.

ಎಣಿಕೆ ಯಾವಾಗಲೂ ಬಿಳಿ ಕಾಂಡದಿಂದ: ಅದರಿಂದ ಹೊರಟ ಒಂದು ಕೊಂಬೆ ಒಂದು ಮಡಿಕೆ. ಹೊರಗಿನ ಉಬ್ಬು ಎಣಿಸಿದರೆ ಹದಿನೈದೂ ಬರಬಹುದು, ಇಪ್ಪತ್ತೂ ಬರಬಹುದು, ಏಕೆಂದರೆ ರೆಂಬೆಗಳೂ ಉಬ್ಬುಗಳೇ. ಅಂಗರಚನಾ ವಿಜ್ಞಾನಿ ಒಲೋಫ್ ಲಾರ್ಸೆಲ್ 1948ರಲ್ಲಿ ಹಕ್ಕಿಗಳಿಗೆ ಕೊಟ್ಟ ಎಣಿಕೆ ಹತ್ತು. ಮುಂದೆ ಕೆಳಗಿನಿಂದ 1 ಶುರುವಾಗಿ, ಮೇಲೇರಿ, ಹಿಂದೆ ಇಳಿದು 10ಕ್ಕೆ ಮುಗಿಯುತ್ತದೆ. 1ನೆಯದು ಚಿಕ್ಕದು, 2ರ ಅಡಿಯಲ್ಲಿ ಅಡಗಿರುತ್ತದೆ. ಅದನ್ನು ಬಿಟ್ಟರೆ ಮುಂದಿನ ಎಣಿಕೆಯೆಲ್ಲ ಒಂದೊಂದು ತಪ್ಪುತ್ತದೆ. ತಾಳೆ ನೋಡಲು ಎರಡು ಗುರುತು ಇಟ್ಟುಕೊಳ್ಳಿ: 5 ಮತ್ತು 6ರ ನಡುವಿನ ಆಳದ ಸೀಳು, 8 ಮತ್ತು 9ರ ನಡುವಿನ ಸೀಳು. ಈ ಎರಡರ ನಡುವೆ ಮೂರೇ ಕೊಂಬೆ ಇರಬೇಕು.

ಕೋಳಿಯಾಗಲಿ, ಹದ್ದಾಗಲಿ, ಈ ಹತ್ತರ ವಿನ್ಯಾಸ ಮೂಲತಃ ಒಂದೇ. ಹಕ್ಕಿಗಳ ಹತ್ತಿರದ ಬಂಧುವಾದ ಮೊಸಳೆ, ರಂಗನತಿಟ್ಟಿನ ಬಂಡೆಯ ಮೇಲೆ ಮಲಗಿರುತ್ತದಲ್ಲ, ಅದರ ಕಿರುಮೆದುಳಿನಲ್ಲಿ ಇಂಥ ಒತ್ತೊತ್ತು ಮಡಿಕೆಯಿಲ್ಲ. ಹಕ್ಕಿಯಿಂದ ಹಕ್ಕಿಗೆ ಮುಖ್ಯವಾಗಿ ಬದಲಾಗುವುದು ಒಂದೊಂದು ಮಡಿಕೆಯ ಗಾತ್ರ. ಸ್ವಿಫ್ಟ್, ಝೇಂಕಾರದ ಹಕ್ಕಿಯಂಥ (ಹಮ್ಮಿಂಗ್ ಬರ್ಡ್) ಕಾಲು ಬಲವಿಲ್ಲದವುಗಳಲ್ಲಿ ಮುಂದಿನ ಮಡಿಕೆಗಳು ಕುಗ್ಗಿವೆ. ಹಾರುವಾಗ ಕಣ್ಣೆದುರು ಹಿಂದೆ ಸರಿಯುವ ದೃಶ್ಯದ ಸುದ್ದಿ 9ರ ಹಿಂಭಾಗಕ್ಕೂ 10ಕ್ಕೂ ಬರುತ್ತದೆ. ಫ್ಲಾಕ್ಯುಲಸ್ ಇವುಗಳ ಪಕ್ಕದ ಚಾಚು. ಹಾಗಂತ ಪಳೆಯುಳಿಕೆಯ ಬುರುಡೆಯಲ್ಲಿ ಅದರ ಗುಳಿ ದೊಡ್ಡದಿದೆ, ಆದ್ದರಿಂದ ಚೆನ್ನಾಗಿ ಹಾರುತ್ತಿತ್ತು ಎಂದು ತೀರ್ಮಾನಿಸುವಂತಿಲ್ಲ. ಇಂದಿನ ಹಕ್ಕಿಗಳನ್ನು ಅಳೆದು 2013ರಲ್ಲಿ ಪ್ರಕಟವಾದ ಅಧ್ಯಯನ ಆ ನಂಟನ್ನು ಒಪ್ಪಲಿಲ್ಲ.

ಹಾಗಾಗಿ ಎಣಿಸಿದರೆ ಸಾಲದು, ಅಳೆಯಬೇಕು. ಪ್ಯಾರಾಫಿನ್‌ನಲ್ಲಿ (ಮೇಣದಲ್ಲಿ) ಕೂರಿಸಿ 10 ಮೈಕ್ರಾನ್ ಹಾಳೆ ಕೊಯ್ದು, 0.1% ಕ್ರೆಸಿಲ್ ವಯೊಲೆಟ್ ಬಣ್ಣ ಹಾಕಿದರೆ ತಿಳಿಯಾದ ಹೊರಪದರ, ದಟ್ಟ ನೇರಳೆಯ ಕಣಪದರ, ಎರಡರ ನಡುವೆ ಒಂದೇ ಸಾಲಿನಲ್ಲಿ ಕೂತ ಪರ್ಕಿಂಜೆ ಕೋಶಗಳು (ದೊಡ್ಡ ನರಕೋಶಗಳು) ಕಾಣುತ್ತವೆ. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಆ ಸಾಲಿನ ಮೇಲೆ ಒದ್ದೆ ಮಾಡಿದ ಹೊಲಿಗೆಯ ದಾರ ಇಟ್ಟು, ಸೀಳಿನ ಆಳಕ್ಕೂ ಇಳಿಸಿ ಏರಿಸಿ, ಉದ್ದ ತೆಗೆಯಿರಿ. ಎರಡನೇ ದಾರವನ್ನು ಅದೇ ಸಾಲಿನ ಮೇಲ್ತುದಿಗಳನ್ನಷ್ಟೇ ಮುಟ್ಟಿಸಿ, ಸೀಳಿಗಿಳಿಸದೆ ಸುತ್ತಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮಡಿಕೆಯ ಸೂಚ್ಯಂಕ. ಪ್ಯಾರಾಫಿನ್‌ನಲ್ಲಿ ಅಂಗಾಂಶ ಕುಗ್ಗುತ್ತದೆ, ಆದರೆ ಎರಡೂ ಉದ್ದ ಒಟ್ಟಿಗೆ ಕುಗ್ಗುವುದರಿಂದ ಭಾಗಲಬ್ಧ ಹೆಚ್ಚು ಕೆಡುವುದಿಲ್ಲ. ಬರೀ ಉದ್ದವನ್ನು ಇನ್ನೊಬ್ಬರ ಅಳತೆಗೆ ಹೋಲಿಸಲು ಹೋಗಬೇಡಿ.

ಮರಿಕೋಳಿಯ ಕಿರುಮೆದುಳು ಊದಿಕೊಂಡು, ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕಿ ಕಂಡರೆ ಅಳತೆಗೆ ಬಳಸಬಾರದು. ವಿಟಮಿನ್ ಇ ಕೊರತೆಯಲ್ಲಿ, ಮುಗ್ಗಿದ ಕೊಬ್ಬಿನ ಮೇವು ತಿಂದ ಮರಿಗಳಲ್ಲಿ, ಹಾಗಾಗುತ್ತದೆ. ಆ ತಲೆ ತಂದ ಫಾರಂ ಯಾವುದೆಂದು ಗೊತ್ತಿದ್ದರೆ ಮೇವು ನೋಡಿಕೊಳ್ಳಲು ಹೇಳಿಕಳಿಸಿ.