ಕೆನ್ನೆಯ ಕೋಶದಿಂದ ಅನುಲೇಪಕ ಅಂಗಾಂಶ ಗುರುತಿಸುವ ಬಗೆ

ಅನುಲೇಪಕ ಅಂಗಾಂಶ ಎಂದರೆ ದೇಹದ ಹೊರಮೈಗೂ ಅಂಗಗಳ ಒಳಗೋಡೆಗೂ ಹೊದಿಕೆಯಾಗಿರುವ ಕೋಶಗಳ ಹಾಸು. ಅದರ ಬಗೆಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ನಿಮ್ಮದೇ ಕೆನ್ನೆಯ ಕೋಶ ನೋಡಿ. ಶಾಲೆಯ ಸೂಕ್ಷ್ಮದರ್ಶಕವೇ ಸಾಕು.

100 ಮಿಲಿ ನೀರಿಗೆ 0.9 ಗ್ರಾಂ ಉಪ್ಪು ಕರಗಿಸಿಕೊಳ್ಳಿ. ಬರೀ ನೀರಲ್ಲಿ ಕೋಶ ಉಬ್ಬಿ ಆಕಾರ ಕೆಡುತ್ತದೆ. ಕಾರವಾರದಲ್ಲಿದ್ದೇವೆಂದು ಕಡಲ ನೀರು ತರಬೇಡಿ. ಅದರಲ್ಲಿ ಉಪ್ಪು ಸುಮಾರು ಶೇ. 3.5, ಕೋಶ ಮುದುಡುತ್ತದೆ. ಬಾವಿ ನೀರು ಸವಳಾಗಿದ್ದರೆ ಅದೂ ಬೇಡ, ಉಪ್ಪು ಕರಗಿಸಲು ಡಿಸ್ಟಿಲ್ಡ್ ವಾಟರ್ ಬಳಸಿ.

ಬಾಯಿ ಮುಕ್ಕಳಿಸಿ, ಹೊಸ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಗೋಡೆಯನ್ನು ನಾಲ್ಕೈದು ಸಲ ಮೆತ್ತಗೆ ಕೆರೆಯಿರಿ. ರಕ್ತ ಬರಬಾರದು, ಒಬ್ಬರ ಕಡ್ಡಿ ಇನ್ನೊಬ್ಬರು ಬಳಸಬಾರದು. ಸ್ಲೈಡಿನ ಮೇಲೆ ಒಂದು ಹನಿ ಉಪ್ಪುನೀರಲ್ಲಿ ತೆಳುವಾಗಿ ಹರಡಿ. ದಪ್ಪಗಾದರೆ ಕೋಶಗಳು ಗುಂಪುಗಟ್ಟಿ ಏನೂ ಬಿಡಿಸಿ ಕಾಣದು. ಕೋಶಕ್ಕೆ ಬಣ್ಣ ಹಿಡಿಸುವ ಮಿಥಿಲೀನ್ ಬ್ಲೂ ಒಂದು ಹನಿ ಹಾಕಿ ಒಂದು ನಿಮಿಷ ಬಿಡಿ. ಮೇಲೆ ಮುಚ್ಚುವ ತೆಳು ಗಾಜಿನ (ಕವರ್ ಸ್ಲಿಪ್) ಒಂದು ಅಂಚು ಮೊದಲು ತಾಗಿಸಿ, ಓರೆಯಾಗಿ ನಿಧಾನ ಇಳಿಸಿ. ದಪ್ಪ ಕಪ್ಪು ಅಂಚಿನ ದುಂಡು ಆಕೃತಿ ಕಂಡರೆ ಅದು ಗಾಳಿಗುಳ್ಳೆ, ಕೋಶವಲ್ಲ. ಮಳೆಗಾಲದ ತೇವಕ್ಕೆ ಎರಡು ಕವರ್ ಸ್ಲಿಪ್ ಅಂಟಿಕೊಂಡು ಬರುವುದುಂಟು. ಹಾಗಾದರೆ 400 ಪಟ್ಟು ಹಿಗ್ಗಿಸಿ ನೋಡುವಾಗ ಫೋಕಸ್ ತಿರುಪನ್ನು ಎಷ್ಟು ತಿರುಗಿಸಿದರೂ ಚಿತ್ರ ಮಸುಕೇ.

100 ಪಟ್ಟಿನಲ್ಲಿ ಹುಡುಕಿ, 400ಕ್ಕೆ ಹೋಗಿ. ಅಂಕುಡೊಂಕು ಅಂಚಿನ ತೆಳು ಹಾಳೆಗಳು, ಅಲ್ಲಲ್ಲಿ ಮಡಚಿದ ಮೂಲೆ, ನಡುವೆ ಗಾಢ ನೀಲಿ ಕೋಶಕೇಂದ್ರ: ಇವೇ ಶಲ್ಕ, ಅಂದರೆ ಚಪ್ಪಟೆ ಕೋಶಗಳು. ಮೇಲೆ ಅಂಟಿದ ಪುಟ್ಟ ನೀಲಿ ಚುಕ್ಕೆಗಳು ಬ್ಯಾಕ್ಟೀರಿಯಾ.

ಪದರಗಳು ಮಾತ್ರ ಇಲ್ಲಿ ಕಾಣವು, ಕೆರೆದಾಗ ಬರುವುದು ಮೇಲಿನ ಕೋಶಗಳಷ್ಟೇ. ಅದಕ್ಕೆ ಅಡ್ಡಕೊಯ್ತದ ಸಿದ್ಧ ಸ್ಲೈಡ್ ಬೇಕು. ಬಗೆ ಗುರುತಿಸಲು ಅದರಲ್ಲಿ ಕೇಳಬೇಕಾದ್ದು ಎರಡೇ: ಪದರ ಒಂದೋ ಹಲವೋ? ಎಲ್ಲಕ್ಕಿಂತ ಮೇಲಿನ ಸಾಲಿನ ಕೋಶದ ಆಕಾರ ಯಾವುದು? ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲೇ. ಚರ್ಮದ ತಳದ ಕೋಶ ಚೌಕವಾಗಿ ಕಂಡರೂ ಮೇಲ್ಸಾಲು ಚಪ್ಪಟೆ, ಆದ್ದರಿಂದ ಅದು ಬಹುಪದರದ ಶಲ್ಕ ಅಂಗಾಂಶ.

ಶ್ವಾಸಕೋಶದ ಗಾಳಿಚೀಲಕ್ಕೆ ಒಂದೇ ಚಪ್ಪಟೆ ಪದರ, ಅನಿಲ ದಾಟಲು ಅಷ್ಟು ತೆಳುವಿರಲೇಬೇಕು. ಮೂತ್ರಪಿಂಡದ ನಳಿಕೆಗೆ ಘನಾಕೃತಿ, ಸಣ್ಣ ಕರುಳಿಗೆ ಸ್ತಂಭಾಕೃತಿ. ಶ್ವಾಸನಾಳ ಮೋಸ ಮಾಡುತ್ತದೆ: ಕೋಶಕೇಂದ್ರಗಳು ಮೇಲೆಕೆಳಗೆ ಇರುವುದರಿಂದ ಹಲವು ಪದರವೆನಿಸಿದರೂ ಪ್ರತಿ ಕೋಶವೂ ತಳದಲ್ಲಿರುವ ಆಧಾರ ಪೊರೆ ಮುಟ್ಟಿರುತ್ತದೆ, ಹಾಗಾಗಿ ಪದರ ಒಂದೇ. ಮೂತ್ರಕೋಶದ್ದು ತುಂಬಿದಾಗ ಹಿಗ್ಗಿ ಚಪ್ಪಟೆಯಾಗುವ ಪರಿವರ್ತಕ ಬಗೆ.

ಶಿರಸಿ ಕಡೆ ಸದಾ ಕವಳ (ಎಲೆಅಡಿಕೆ) ಹಾಕುವವರ ಕೆನ್ನೆಯಿಂದ ಕೋಶಕೇಂದ್ರವಿಲ್ಲದ ಗಡಸು ಹಾಳೆಗಳೂ ಬರಬಹುದು. ಉಜ್ಜಿ ಉಜ್ಜಿ ಆ ಜಾಗ ಚರ್ಮದ ಹಾಗೆ ಕೆರಟಿನ್ ಎಂಬ ಗಡಸು ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಅಂಥವರ ಕೆನ್ನೆಯಲ್ಲಿ ಬಿಳಿ ಮಚ್ಚೆ ಕಂಡರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ ಕೆರೆಯಲು ಹೋಗಬೇಡಿ, ದಂತವೈದ್ಯರಿಗೆ ತೋರಿಸಿ.